ನಮ್ಮ ಗಾಂಜಾ ಮೇಡಂ

ಇಂಥದ್ದನ್ನು ತಿಂದು ಇಂಥ ರೋಗ ವಾಸಿಯಾಯಿತು ಎಂದು ಯಾರಾದರೂ ಹೇಳಿದರೆ ಸಾಕು, ಸುಜಾತಾ ಮೇಡಂ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, “ಎಷ್ಟು ಮಂದಿಗ್ರಿ?” ಎಂದು ಕೇಳುತ್ತಿದ್ದರು. ದನಿಯಲ್ಲಿ ಕುಹಕ ಇರುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿರುತ್ತಿತ್ತು.

ಒಮ್ಮೆ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬರುವ ಬಸ್ಸಿನಲ್ಲಿ ನಾವಿಬ್ಬರೂ ಜೊತೆಗಿದ್ದೆವು. ಹಿಂದಿನ ಸೀಟಿನ ಹಿರಿಯರೊಬ್ಬರು ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿಕೊಂಡು ಮೊಣಕಾಲು ನೋವು ಓಡಿಸಿದ ಕಥೆಯನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದರು. ಮೇಡಂ ತಿರುಗಿ ಕುಳಿತರು.

“ಎಷ್ಟು ಮಂದಿಗೆ ಆರಾಮ ಆತ್ರಿ ಕಾಕಾ?”

“ನನಗ ಆತವ್ವಾ.”

“ನಿಮಗೊಬ್ಬರಿಗೇ ಏನು?”

“ನನ್ನ ಹೇಣ್ತಿಗೂ ಕಟ್ಟಿದ್ದೆ.”

“ಅವರಿಗೂ ಆರಾಮ ಆತೇನ್ರಿ?”

ಹಿರಿಯರು ಮೊಣಕಾಲು ನೀವಿಕೊಂಡರು. “ಇಲ್ಲ. ಆಕಿ ನನಗ ಬೈದ್ಲು.”

ಬಸ್ಸು ನಕ್ಕಿತು, ಅವರೂ ನಕ್ಕರು. ಇಳಿಯುವಾಗ ಮೇಡಂ ತಲೆಯ ಮೇಲೆ ಕೈಯಿಟ್ಟು, “ನೀ ಭಾಳ ಶಾಣ್ಯಾಕಿ ಇದ್ದೀ ನೋಡವ್ವಾ,” ಎಂದು ಹೇಳಿ ಹೋದರು. ಮೇಡಂ ಮಾತ್ರ ಅವರ ಹೆಂಡತಿಯ ಕಾಲಿನ ಬಗ್ಗೆ ಇನ್ನೂ ಎರಡು ಪ್ರಶ್ನೆ ಕೇಳುವುದಿತ್ತು ಎಂದು ಪೇಚಾಡಿದರು.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಸುಜಾತಾ ಮೇಡಂ ಅಲ್ಲಿಗೆ ರಸಾಯನಶಾಸ್ತ್ರ ಕಲಿಸಲು ಬಂದಾಗ ಅವರಿಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ನನಗಿಂತ ಹತ್ತು ವರ್ಷ ಚಿಕ್ಕವರು. ಊರು ಕಿತ್ತೂರು, ಮನೆತನ ದಲಿತರಿಂದ ಬೌದ್ಧರಾದವರದು. ಅವರಪ್ಪ ಲಾರಿ ಗ್ಯಾರೇಜಿನಲ್ಲಿ ಮೇಸ್ತ್ರಿ. ಗಾಡಿ ತಂದವರು ಎಷ್ಟೇ ಅವಸರ ಮಾಡಿದರೂ ಎಂಜಿನ್ ಬಿಚ್ಚಿ ನೋಡುವ ತನಕ ಏನಾಗಿದೆ ಎಂದು ಹೇಳುತ್ತಿರಲಿಲ್ಲವಂತೆ. “ನಮ್ಮಪ್ಪನ ಆ ಚಟ ನನಗ ಬಂದೈತ್ರಿ,” ಎನ್ನುತ್ತಿದ್ದರು ಮೇಡಂ. “ಅಂವಾ ಬಿಚ್ಚಿದ್ದು ಎಂಜಿನ್. ನಾ ಬಿಚ್ಚಿದ್ದು ಗಿಡ.”

ಆ ಗಿಡದಿಂದಲೇ ಅವರಿಗೆ ಅಡ್ಡಹೆಸರು ಬಿತ್ತು. ಮೊದಲ ದಿನವೇ ತರಗತಿಯಲ್ಲಿ ಹುಡುಗನೊಬ್ಬ, “ಮೇಡಂ, ನೀವು ಪಿಎಚ್‌ಡಿ ಮಾಡಿದ್ದು ಎದರ ಮ್ಯಾಲೆ?” ಎಂದು ಕೇಳಿದ. ಬೇರೆಯವರಾಗಿದ್ದರೆ ಬಾಯಿ ತುಂಬುವ ಹೆಸರೊಂದನ್ನು ಹೇಳಿ ಮುಂದೆ ಸಾಗುತ್ತಿದ್ದರು. ಇವರು, “ಗಾಂಜಾ ಗಿಡದಾಗ ಒಂದೀಟ ಇರೂ ಒಂದು ವಸ್ತುವಿನ ಮ್ಯಾಲೆ,” ಎಂದುಬಿಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಕಾಲೇಜಿಗೆ ಅವರು ಗಾಂಜಾ ಮೇಡಂ ಆಗಿದ್ದರು. ಸ್ಟಾಫ್ ರೂಮಿನಲ್ಲೂ ಕೆಲವರು ಮುಸಿಮುಸಿ ನಕ್ಕರು. ಅವರಿಗೆ ಅದು ಗೊತ್ತಿತ್ತು. ಒಮ್ಮೆ ಕಪ್ಪುಹಲಗೆಯ ಮೇಲೆ ಯಾರೋ ಐದೆಲೆಯ ಗಾಂಜಾ ಚಿತ್ರ ಬರೆದಿಟ್ಟಿದ್ದರಂತೆ. ಮೇಡಂ ಅದನ್ನು ಅಳಿಸಲಿಲ್ಲ. ಎಲೆಯ ಅಂಚಿಗೆ ಗರಗಸದ ಹಲ್ಲು ಬರೆದು, “ಇಷ್ಟು ಬಿಟ್ಟಿದ್ರಿ ನೋಡ್ರಿ,” ಎಂದು ಪಾಠ ಶುರು ಮಾಡಿದರಂತೆ.

ಅವರನ್ನು ನೋಡಲು ಬಂದ ಗಂಡಿನವರ ಕಥೆಯನ್ನಂತೂ ಅವರ ಬಾಯಿಂದಲೇ ಕೇಳಬೇಕಿತ್ತು. ಹುಡುಗನ ಸೋದರಮಾವ ಚಹಾ ಕುಡಿಯುತ್ತಾ ಓದಿನ ವಿಷಯ ಕೇಳಿದರು. ಮೇಡಂ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಮಾವ ಕಪ್ಪು ಕೆಳಗಿಟ್ಟು, “ಮತ್ತ, ಸೇದೂದೂ ಐತೇನು?” ಎಂದರು.

“ಇಲ್ರಿ. ನಾ ಓದಿದ್ದು ಸೇದಿದ್ರೂ ತಲಿಗೆ ಏರಲಾರದ್ದು.”

ಆ ಜನ ತಿರುಗಿ ಬರಲಿಲ್ಲ. ಈ ಕಥೆ ಹೇಳಿ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆಮೇಲೆ ಮೆಲ್ಲಗೆ, “ಅವ್ವಗ ಭಾಳ ಕೆಟ್ಟ ಅನಿಸ್ತ್ರಿ,” ಎನ್ನುತ್ತಿದ್ದರು.

ಗ್ರಂಥಾಲಯದಲ್ಲಿ ಕಿಟಕಿಯ ಪಕ್ಕದ ಮೇಜು ಅವರದು. ತರಗತಿ ಇಲ್ಲದಾಗಲೆಲ್ಲ ಅಲ್ಲೇ ಇರುತ್ತಿದ್ದರು. ಒಂದು ದಿನ ನಾನು, “ನಿಮ್ಮ ಆ ವಸ್ತು ಏನು, ನನಗೂ ತಿಳಿಯೂ ಹಂಗ ಹೇಳ್ರಿ,” ಎಂದೆ. ಅವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

“ಆ ಗಿಡದಾಗ ಇಂಥಾವು ನೂರಕ್ಕೂ ಹೆಚ್ಚು ಅದಾವ್ರಿ ಶೈಲಕ್ಕಾ. ಅಮಲು ತರೂದು ಅದರಾಗ ಒಂದು. ಅದರ ಹೆಸರು ಎಲ್ಲಾರೂ ಕೇಳ್ಯಾರ. ನಂದು ಸಿಬಿಜಿ ಅಂತ. ಇದರಿಂದ ಅಮಲು ಏರಂಗಿಲ್ಲ. ಗಿಡ ಎಳೀದಿದ್ದಾಗ ಮೊದಲ ಇದರ ಆಮ್ಲ ಹುಟ್ಟತೈತಿ. ಗಿಡ ಬೆಳೆದಂಗ ಅದರಿಂದನ ಉಳಿದವನ್ನ ಮಾಡಿಕೊಳ್ತೈತಿ. ಕೊಯ್ಯೂ ಹೊತ್ತಿಗೆ ಇದು ಉಳಿಯೂದು ಒಂದೀಟ ಒಂದೀಟ.”

“ಅಂದ್ರ ತಾಯಿ ಇದ್ದಂಗ?”

“ತಾಯಿನ ಅನ್ರಿ. ಎಲ್ಲಾ ಮಕ್ಕಳಿಗೆ ಕೊಟ್ಟು ತನಗ ಏನೂ ಇಟ್ಟುಕೊಳ್ಳಲಾರದಾಕಿ.” ಹೇಳಿದವರೇ ನಾಲಿಗೆ ಕಚ್ಚಿಕೊಂಡರು. “ಹಂಗೆಲ್ಲಾ ಹೇಳಬಾರದ್ರಿ. ಕ್ಲಾಸಿನ್ಯಾಗ ಹೇಳಿದ್ರ ಹುಡುಗರು ಪರೀಕ್ಷಾದಾಗ ಹಂಗ ಬರದು ಬರ್ತಾವ.”

ಅದರಿಂದ ಆಗುವ ಉಪಯೋಗವನ್ನು ಹೇಳುವಾಗ ಮಾತ್ರ ಒಂದೊಂದು ಪದವನ್ನೂ ತೂಗಿ ಇಡುತ್ತಿದ್ದರು. ಇಲಿಗಳ ಕರುಳಿನ ಉರಿಯೂತ ಇಳಿದದ್ದುಂಟು. ಅವು ಹೆಚ್ಚು ತಿಂದದ್ದುಂಟು. ಪ್ರಾಣಿಗಳ ಕಣ್ಣೊಳಗಿನ ಒತ್ತಡ ಕಡಿಮೆಯಾದದ್ದುಂಟು. ಮಾಮೂಲಿ ಔಷಧಕ್ಕೆ ಜಗ್ಗದ ಕೆಲವು ರೋಗಾಣುಗಳು ಗಾಜಿನ ತಟ್ಟೆಯಲ್ಲಿ ಸತ್ತದ್ದೂ ಉಂಟು. “ಮತ್ತ ಮನುಷ್ಯಾರಿಗೆ?” ಎಂದು ನಾನು ಕೇಳಿದರೆ, “ಈಗೀಗ ಸಣ್ಣಸಣ್ಣ ಪ್ರಯೋಗ ನಡದಾವ. ಇಲಿಗೆ ಆಗಿದ್ದು ಮನುಷ್ಯಾಗ ಆಗೇ ತೀರಬೇಕಂತ ಏನಿಲ್ಲ,” ಎಂದು ನಿಲ್ಲಿಸಿಬಿಡುತ್ತಿದ್ದರು.

ಕರುಳಿನ ಉರಿಯೂತ ಎಂಬ ಮಾತು ನನ್ನೊಳಗೆ ಉಳಿದುಬಿಟ್ಟಿತು. ನನ್ನ ತಮ್ಮ ಬಸವರಾಜನಿಗೆ ಇದ್ದದ್ದೇ ಆ ಕಾಯಿಲೆ.

ಬಸು ಸವದತ್ತಿ ಕಡೆಯಲ್ಲಿ ವಿದ್ಯುತ್ ಇಲಾಖೆಯ ಲೈನ್‌ಮನ್. ಮನೆ ಹೂಲಿಯಲ್ಲಿ. ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿತ್ತು. ಧಾರವಾಡದ ಡಾಕ್ಟರು ದಿನವೂ ತಪ್ಪದೆ ನುಂಗಬೇಕಾದ ಗುಳಿಗೆ ಕೊಟ್ಟಿದ್ದರು. ಒಮ್ಮೆ ತಿಂಗಳುಗಟ್ಟಲೆ ಆರಾಮಿರುತ್ತಿದ್ದ, ಮತ್ತೊಮ್ಮೆ ದಿನಕ್ಕೆ ಹತ್ತು ಹನ್ನೆರಡು ಸಲ ಓಡುತ್ತಿದ್ದ. ನೋವಿಗಿಂತ ನಾಚಿಕೆ ಅವನನ್ನು ತಿಂದಿತ್ತು. “ಅಕ್ಕಾ, ಓಣಿ ಮಂದಿಯೆಲ್ಲಾ ಕೆಳಗ ನಿಂತು ನೋಡಾಕತ್ತಿರ್ತಾರ. ನಾ ಅರ್ಧ ಕಂಬ ಹತ್ತಿ ಇಳದು ಓಡಬೇಕಾಗತೈತಿ,” ಎಂದು ಒಂದು ದಿನ ಅತ್ತುಬಿಟ್ಟ. ಮೂವತ್ತೈದರ ಗಂಡಸು ನನ್ನ ಎದುರು ಅತ್ತದ್ದು ಅದೇ ಮೊದಲು.

ತಡೆಯಲಾರದೆ ನಾನು ಅವನಿಗೆ ಮೇಡಂ ವಿಷಯ ಹೇಳಿದೆ. ಅವನು ಮೊಬೈಲಿನಲ್ಲಿ ಹುಡುಕಿದ. ವಾರದೊಳಗೆ ಸಿಬಿಜಿ ಎಂದು ದೊಡ್ಡಕ್ಷರದಲ್ಲಿ ಬರೆದ ಎಣ್ಣೆಯ ಸೀಸೆಯೊಂದು ಕೊರಿಯರಿನಲ್ಲಿ ಮನೆಗೆ ಬಂದಿತ್ತು. ಆಗ ಗಾಬರಿಯಾಗಿ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. “ರವಿವಾರ ಹೂಲಿಗೆ ಹೋಗೂಣು,” ಎಂದರು.

ಗುರುತಿಲ್ಲದವರ ಮನೆಗೆ ಹೋದಾಗ ಒಳಗೆ ಕರೆಯುವವರೆಗೂ ಮೇಡಂ ಹೊಸ್ತಿಲು ದಾಟುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ. ಅಂದೂ ಹೊರಗೆ ಕಟ್ಟೆಯ ಮೇಲೆಯೇ ಕುಳಿತರು. ಬಸು ಹೊರಗೆ ಬಂದವನು, “ಏನ್ರಿ ಮೇಡಂ, ನನ್ನ ಹೊಟ್ಟಿ ಕಥಿ ಓಣಿ ಮುಂದ ಹೇಳಿಸ್ತೀರೇನು? ಒಳಗ ಬರ್ರಿ,” ಎಂದ. ಅವನ ಹೆಂಡತಿ ಮಂಜುಳಾ ಅಡಿಗೆಮನೆಯಲ್ಲೇ ಮಣೆ ಹಾಕಿ ಮಜ್ಜಿಗೆ ಕೊಟ್ಟಳು. ಮೇಡಂ ಮಜ್ಜಿಗೆಯನ್ನು ಬಹಳ ನಿಧಾನವಾಗಿ ಕುಡಿದರು.

ಬಸು ಸೀಸೆ ತಂದು ಮುಂದಿಟ್ಟ. “ಕುಡೀಲ್ಯೋ ಬ್ಯಾಡೋ, ಒಂದ ಮಾತು ಹೇಳ್ರಿ.”

“ನನಗ ಗೊತ್ತಿಲ್ಲ ಬಸಣ್ಣ.”

“ಐದು ವರ್ಷ ಇದನ್ನ ಓದೀರಿ ಅಂತ ಅಕ್ಕ ಹೇಳ್ತಾಳ. ಗೊತ್ತಿಲ್ಲಂದ್ರ ಹೆಂಗ್ರಿ?”

“ಐದು ವರ್ಷ ಓದಿದ್ದಕ್ಕನ ಗೊತ್ತಿಲ್ಲಂತ ಹೇಳಾಕತ್ತೇನಿ. ಓದದಿದ್ರ ಕುಡೀರಿ ಅಂತಿದ್ದೆ.”

ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇದು ಬೇರೆ ಗುಳಿಗೆಗಳ ಜೊತೆ ಸೇರಿ ಯಕೃತ್ತಿಗೆ ತೊಂದರೆ ಕೊಡಲೂಬಹುದು, ಡಾಕ್ಟರಿಗೆ ತೋರಿಸದೆ ಒಂದು ಹನಿಯೂ ಬೇಡ ಎಂದರು. ಪರೀಕ್ಷೆಗೆಂದು ಸಣ್ಣ ಬಾಟಲಿಯೊಂದಕ್ಕೆ ಒಂದಿಷ್ಟು ಎಣ್ಣೆ ಬಗ್ಗಿಸಿಕೊಂಡರು. ಎದ್ದು ಹೊರಡುವಾಗ ಮತ್ತೊಮ್ಮೆ, “ಏನರ ಮಾಡ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ,” ಎಂದರು. ಬಸು ತಲೆಯಾಡಿಸಿದ.

ಆದರೆ ಡಾಕ್ಟರಿಗೆ ತೋರಿಸದೆಯೇ ಅವನು ಎಣ್ಣೆ ಕುಡಿಯತೊಡಗಿದ. ಎರಡೇ ವಾರದಲ್ಲಿ ಫೋನು ಮಾಡಿದ. ದನಿಯೇ ಬೇರೆಯಾಗಿತ್ತು. “ಅಕ್ಕಾ, ರಕ್ತ ನಿಂತೈತಿ! ಇವತ್ತ ಮೂರು ಕಂಬ ಹತ್ತಿ ಇಳದೇನಿ.” ಮಂಜುಳಾ ಫೋನು ಕಸಿದುಕೊಂಡು, ಅವನು ಎರಡು ರೊಟ್ಟಿ ತಿಂದನೆಂದು ಹೇಳಿದಳು. ನಾನು ಅಂದು ಗ್ರಂಥಾಲಯಕ್ಕೆ ಬಂದವರಿಗೆಲ್ಲ ಪೇಡೆ ಕೊಟ್ಟೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಅದರ ಮರುದಿನ ಮೇಡಂ ಒಳಗೆ ಬಂದು ನನ್ನ ಕೋಣೆಯ ಬಾಗಿಲು ಮುಂದೆ ಮಾಡಿದರು. ಗೆಳತಿಯೊಬ್ಬರ ಪ್ರಯೋಗಾಲಯದಲ್ಲಿ ಎಣ್ಣೆಯನ್ನು ಯಂತ್ರಕ್ಕೆ ಹಾಕಿಸಿ ನೋಡಿದ್ದರು. “ಶೈಲಕ್ಕಾ, ಇದರಾಗ ಸಿಬಿಜಿ ಇಲ್ಲ. ಒಂದೀಟೂ ಇಲ್ಲ. ಬರೇ ಎಳ್ಳೆಣ್ಣಿ, ಒಂಚೂರು ವಾಸನಿ.”

“ಮತ್ತ ಅಂವಾ ಆರಾಮ ಆಗ್ಯಾನಲ್ಲರಿ?”

“ಈ ರೋಗ ತಾನ ಏರತೈತಿ, ತಾನ ಇಳಿತೈತಿ. ಮನಸ್ಸಿಗೂ ಧೈರ್ಯ ಬಂದಿರಬೇಕು. ಇವತ್ತ ಹೇಳಿಬಿಡೂಣು ಅವರಿಗೆ.”

ಆಗ ನಾನು ಅವರ ಕೈ ಹಿಡಿದುಕೊಂಡೆ. ಬೇಡ ಎಂದೆ. ವರ್ಷದ ಮೇಲೆ ನನ್ನ ತಮ್ಮ ನಕ್ಕಿದ್ದಾನೆ, ಸ್ವಲ್ಪ ದಿನ ನಗಲಿ ಬಿಡಿ ಎಂದೆ. ಎಳ್ಳೆಣ್ಣೆ ಕುಡಿದರೆ ಏನು ಕೆಡುತ್ತದೆ ಎಂದೆ. ಮೇಡಂ ಎಣ್ಣೆಯ ಬಾಟಲಿಯನ್ನು ಚೀಲದೊಳಗೆ ಹಾಕಿದರು. ಕೊನೆಗೆ ಒಂದೇ ಮಾತು ಕೇಳಿದರು: “ಗುಳಿಗಿ ತಪ್ಪದ ನುಂಗಾಕತ್ತಾರಲ್ಲ?”

“ಹೌದ್ರಿ,” ಎಂದೆ. ನಾನು ಬಸುವನ್ನು ಕೇಳಿರಲೇ ಇಲ್ಲ. ನುಂಗುತ್ತಿರಬಹುದು ಎಂದುಕೊಂಡಿದ್ದೆ, ಅಷ್ಟೆ.

ಅವನು ಎಣ್ಣೆಯ ಭರವಸೆಯಲ್ಲಿ ಗುಳಿಗೆ ಬಿಟ್ಟು ಆಗಲೇ ಹಲವು ದಿನವಾಗಿತ್ತು.

ಮುಂದಿನ ತಿಂಗಳು ಒಂದು ಬೆಳಗ್ಗೆ ಮಂಜುಳಾಳ ಫೋನು ಬಂತು. ಬಸು ಹೊಲವೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಹತ್ತಿರ ಬಿದ್ದಿದ್ದ. ಮೂರು ದಿನದಿಂದ ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಜೊತೆಯವರು ಜೀಪಿನಲ್ಲಿ ಹಾಕಿಕೊಂಡು ಧಾರವಾಡಕ್ಕೆ ಹೊರಟಿದ್ದರು. ನಾನು ಹೇಗೆ ಮೆಟ್ಟಿಲು ಇಳಿದೆನೋ ಗೊತ್ತಿಲ್ಲ. ಮೇಡಂ ಪಾಠ ಮಾಡುತ್ತಿದ್ದವರು ಸುಣ್ಣದ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದರು. ಕಾರು ಹಿಡಿದು ಹೋದೆವು. ದಾರಿಯುದ್ದಕ್ಕೂ ಅವರು ಆ ಕಡ್ಡಿಯನ್ನು ಮುರಿಯುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಕರುಳು ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿದಾಗ ಮಂಜುಳಾ ಗೋಡೆಗೆ ಒರಗಿದಳು. ಎರಡು ದಿನ ಹಾಗೆಯೇ ಹೋಯಿತು. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಮೇಡಂ, “ನಾ ಅವತ್ತ ಹೇಳಬೇಕಿತ್ತು,” ಎಂದರು.

“ನಾನಲ್ಲೇನ್ರಿ ಬ್ಯಾಡ ಅಂದಾಕಿ? ಗುಳಿಗಿ ನುಂಗತಾನಂತ ಸುಳ್ಳು ಹೇಳಿದಾಕಿನೂ ನಾನ.”

“ನೀವು ಅಕ್ಕ. ನೀವು ಬ್ಯಾಡ ಅನ್ನೋದು ಖರೇನ. ನಾ ನಿಮ್ಮ ಮಾತು ಕೇಳಬಾರದಿತ್ತು.”

ಮೂರನೆಯ ದಿನ ರಕ್ತ ನಿಂತಿತು. ಶಸ್ತ್ರಕ್ರಿಯೆ ತಪ್ಪಿತು. ಅಂದು ಮಧ್ಯಾಹ್ನವೇ ಮೇಡಂ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು ಎಲ್ಲವನ್ನೂ ಹೇಳಿದರು. ಎಣ್ಣೆಯಲ್ಲಿ ಏನೂ ಇರಲಿಲ್ಲ, ತಮಗೆ ಅದು ತಿಂಗಳ ಹಿಂದೆಯೇ ಗೊತ್ತಿತ್ತು, ತಾವು ಹೇಳಲಿಲ್ಲ, ತಪ್ಪು ತಮ್ಮದು ಎಂದರು. ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ. ನಾನೇ ಮುಂದೆ ಬಂದು ನನ್ನ ಪಾಲನ್ನು ಹೇಳಿಕೊಂಡೆ.

ಬಸು ಛಾವಣಿ ನೋಡುತ್ತಾ ಮಲಗಿದ್ದ. ಸಿಟ್ಟು ಮಾಡುತ್ತಾನೆ ಎಂದುಕೊಂಡೆ. ಅವನು ಮೇಡಂ ಕಡೆ ಹೊರಳಿ, “ಅದರಾಗ ಏನೂ ಇರಲಿಲ್ಲಂದ್ರ, ಅಷ್ಟು ದಿನ ಆರಾಮ ಇದ್ದಂವ ಯಾರ್ರಿ ಮೇಡಂ?” ಎಂದ.

ಮೇಡಂ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು: “ನೀವ ಬಸಣ್ಣ. ಆ ಆರಾಮ ಖರೇನ ಇತ್ತು. ಎದರಿಂದ ಬಂತು ಅನ್ನೋದಷ್ಟ ಸುಳ್ಳು. ಇದು ತಿಳೀಲಾರದಕ್ಕನ ಒಬ್ಬರ ಮಾತು ಕೇಳಿ ಔಷಧ ಮಾಡಾಕ ಬರಂಗಿಲ್ಲ. ಅರ್ಧ ಮಂದಿಗೆ ಖರೆ ಔಷಧ, ಅರ್ಧ ಮಂದಿಗೆ ಸುಳ್ಳು ಔಷಧ ಕೊಟ್ಟು ನೋಡಬೇಕಾಗತೈತಿ. ಯಾರಿಗೆ ಯಾವುದು ಅಂತ ಕುಡಿಯವ್ರಿಗೂ ಗೊತ್ತಿರಬಾರದು, ಕೊಡಾವ್ರಿಗೂ ಗೊತ್ತಿರಬಾರದು.”

“ಇಷ್ಟೆಲ್ಲಾ ಐತೇನ್ರಿ ಇದರಾಗ!” ಎಂದ ಬಸು. ಮಂಜುಳಾ ಅವನ ಬಾಯಿಗೆ ಗುಳಿಗೆ ಇಟ್ಟು ನೀರು ಕೊಟ್ಟಳು.

ಮೇಡಂ ತಮ್ಮನ್ನು ತಾವು ಸುಲಭವಾಗಿ ಕ್ಷಮಿಸಿಕೊಳ್ಳುವವರಲ್ಲ. ಮುಂದೆ ಪ್ರತಿ ವರ್ಷದ ಹೊಸ ತರಗತಿಗೂ ಈ ಕಥೆಯನ್ನು ಹೇಳುತ್ತಿದ್ದರು. ಹೆಸರು ಊರು ಬಿಟ್ಟು, ತಮ್ಮ ತಪ್ಪನ್ನು ಮಾತ್ರ ಬಿಡದೆ. ಆ ಸೀಸೆ ಮಾರಿದವರ ಮೇಲೆ ಬಸುವಿನಿಂದ ದೂರು ಬರೆಸಿದರು. ಉತ್ತರ ಬರಲಿಲ್ಲ. ಮತ್ತೆ ಬರೆಸಿದರು. ವಾರಕ್ಕೊಮ್ಮೆ ಅವನಿಗೆ ಫೋನು ಮಾಡಿ ಗುಳಿಗೆಯ ವಿಷಯ ವಿಚಾರಿಸುತ್ತಿದ್ದರು. ಹುಡುಗರು ಅವರನ್ನು ಗಾಂಜಾ ಮೇಡಂ ಎನ್ನುವುದನ್ನು ನಿಲ್ಲಿಸಲಿಲ್ಲ. ಆದರೆ ಹೇಳುವ ರೀತಿ ಬದಲಾಗಿತ್ತು. “ಗಾಂಜಾ ಮೇಡಂ ಹೇಳ್ಯಾರಂದ್ರ ಮುಗೀತು,” ಎಂದು ಒಬ್ಬಳು ಹುಡುಗಿ ಜಗಳದಲ್ಲಿ ಮಾತು ಮುಗಿಸಿದ್ದನ್ನು ನಾನೇ ಕೇಳಿದ್ದೇನೆ.

ಎರಡು ವರ್ಷದ ಹಿಂದೆ ಅವರಿಗೆ ದೂರದ ಊರಿನ ಸಂಶೋಧನಾ ಕೇಂದ್ರದಿಂದ ಕರೆ ಬಂತು. ಸಿಬಿಜಿಯನ್ನು ಕರುಳಿನ ಕಾಯಿಲೆಯವರ ಮೇಲೆ ಪರೀಕ್ಷಿಸುವ ತಂಡವೊಂದು ಸಿದ್ಧವಾಗುತ್ತಿತ್ತು. ಪರವಾನಗಿಗಳೇ ವರ್ಷಗಟ್ಟಲೆ ಹಿಡಿಯುತ್ತವೆ ಎಂದು ಗೊತ್ತಿದ್ದೂ ಹೊರಟರು. ಇವತ್ತಿಗೂ ಅಲ್ಲಿ ಮೊದಲ ಹನಿ ಯಾರಿಗೂ ಕೊಟ್ಟಿಲ್ಲ. ಫೋನು ಮಾಡಿದಾಗಲೆಲ್ಲ, “ಕಾಗದ ತಿರುಗಾಡಾಕತ್ತಾವ್ರಿ ಶೈಲಕ್ಕಾ,” ಎನ್ನುತ್ತಾರೆ. ಅವರು ಹೋದ ಮೇಲೆ ಕಿಟಕಿಯ ಪಕ್ಕದ ಆ ಮೇಜಿಗೆ ಯಾರು ಯಾರೋ ಬಂದು ಕೂರುತ್ತಾರೆ. ಕೂರಬೇಕಾದದ್ದೇ. ಅವರ ಜೊತೆ ಕುಡಿಯುತ್ತಿದ್ದ ಮಧ್ಯಾಹ್ನದ ಚಹಾ ಮಾತ್ರ ಈಗ ನನಗೆ ರುಚಿಸುವುದಿಲ್ಲ.

ಅವರನ್ನು ಕಳಿಸಲು ಬೈಲಹೊಂಗಲದ ಬಸ್ ನಿಲ್ದಾಣಕ್ಕೆ ಹೋದ ದಿನವೇ ನಾನು ಅವರನ್ನು ಕೊನೆಯ ಸಲ ಕಂಡದ್ದು. ಬೆಳಗಾವಿ ಬಸ್ಸು ನಿಂತಿತ್ತು. ಬಸು ಡ್ಯೂಟಿಯ ನಡುವೆಯೇ ಸವದತ್ತಿಯಿಂದ ಬೈಕಿನಲ್ಲಿ ಬಂದಿದ್ದ. ಮೈಕೈ ತುಂಬಿಕೊಂಡಿದ್ದ. ಮಂಜುಳಾ ಕಟ್ಟಿಕೊಟ್ಟ ರೊಟ್ಟಿಬುತ್ತಿಯನ್ನು ಮೇಡಂ ಕೈಗಿಟ್ಟು, ಹೇಳಲೋ ಬೇಡವೋ ಎಂಬಂತೆ ನಿಂತ.

“ಮೇಡಂ, ಅಲ್ಲಿ ಮನುಷ್ಯಾರಿಗೆ ಕೊಟ್ಟು ನೋಡೂದು ಶುರುವಾದಾಗ ಮೊದಲ ನನ್ನ ಹೆಸರು ಬರಕೋರಿ.”

“ಹಂಗ ಹೆಸರು ಹೇಳಿ ಸೇರಸಾಕ ಬರಂಗಿಲ್ಲ ಬಸಣ್ಣ. ಡಾಕ್ಟರು ಒಪ್ಪಬೇಕು. ಒಪ್ಪಿದ್ರೂ ನಿಮ್ಮ ಪಾಲಿಗೆ ಖರೆ ಎಣ್ಣಿ ಬರ್ತದೋ, ಏನೂ ಇಲ್ಲದ ಎಣ್ಣಿ ಬರ್ತದೋ, ನನಗೂ ಗೊತ್ತಿರಂಗಿಲ್ಲ.”

“ಏನೂ ಇಲ್ಲದ್ದು ಬಂದ್ರೂ ಅಡ್ಡಿಯಿಲ್ಲರಿ,” ಎಂದ ಬಸು. “ನನಗ ಅದು ರೂಢಿ ಐತಿ.”

ಮೇಡಂ ಮೊದಲು ನಕ್ಕರು. ನಗುತ್ತಾ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸಿದ್ದು ಮುಗಿಯಲೇ ಇಲ್ಲ. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅವರು ಬಸುವಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಒತ್ತಿ, ನನ್ನ ಹೆಗಲು ತಟ್ಟಿ ಬಸ್ಸು ಹತ್ತಿದರು.

ಬಸ್ಸು ಹೊರಳಿ ಗೇಟು ದಾಟುವಾಗ ಕಿಟಕಿಯಿಂದ ಅವರ ತಲೆ ಹೊರಗೆ ಬಂತು.

“ಗುಳಿಗಿ ನುಂಗಿದ್ರೇನ್ರಿ ಇವತ್ತ?”

“ನುಂಗೇನ್ರಿ ಮೇಡಂ!” ಎಂದು ಬಸು ನಿಲ್ದಾಣವೆಲ್ಲ ಕೇಳುವಂತೆ ಕೂಗಿದ.